ಪಕ್ಕದ ಸ್ಲಾಟು

“ಗುರುಗಳೇ, ಗ್ರಾಫಿಕ್ಸ್ ಕಾರ್ಡು ಮದರ್‌ಬೋರ್ಡಿನ ಸ್ಲಾಟಿಗೆ ಕೂರುತ್ತದೆ, ಪವರ್ ಸಪ್ಲೈ ಅದನ್ನು ತಾಳುತ್ತದೆ, ಅದರ ಉದ್ದ ಕ್ಯಾಬಿನೆಟ್ಟಿನೊಳಗೆ ಹಿಡಿಸುತ್ತದೆ. ಇಷ್ಟು ನೋಡಿಕೊಂಡ ಮೇಲೆ ‘ಹೊಂದುತ್ತದೆ’ ಎಂದು ಗಿರಾಕಿಗೆ ಧೈರ್ಯವಾಗಿ ಹೇಳಬಹುದಲ್ಲ?”

ಕೇಳಿದವನು ತಿಪ್ಪೇಶ. ಮುರಿಗೆಪ್ಪನವರ ಕಂಪ್ಯೂಟರ್ ಅಂಗಡಿಯಲ್ಲಿ ವ್ಯಾಪಾರ ಕಲಿತು, ಈಗ ಸ್ವಂತ ಅಂಗಡಿ ತೆರೆಯಲು ಹೊರಟವನು. ಮುರಿಗೆಪ್ಪನವರು ಕೈಯಲ್ಲಿದ್ದ ಸ್ಕ್ರೂಡ್ರೈವರ್ ಕೆಳಗಿಟ್ಟು ಈ ಕತೆ ಹೇಳಿದರು.

ಒಂದು ಊರಿನಲ್ಲಿ ಅಣ್ಣ ತಮ್ಮ ಇಬ್ಬರು ಮದುವೆ ವಿಡಿಯೊ ಮಾಡುವ ಸ್ಟುಡಿಯೊ ಇಟ್ಟಿದ್ದರು. ಕ್ಯಾಮೆರಾ ಕೆಲಸ ಅಣ್ಣನದು, ಕಂಪ್ಯೂಟರ್ ಕೆಲಸ ತಮ್ಮನದು. ಅಣ್ಣನದು ಕ್ಯಾಸೆಟ್ ಹಾಕುವ ಹಳೆಯ ಕ್ಯಾಮೆರಾ. ಅದರ ಚಿತ್ರ ಕಂಪ್ಯೂಟರಿಗೆ ಇಳಿಯಬೇಕಾದರೆ ಅದಕ್ಕೆಂದೇ ಒಂದು ಪುಟ್ಟ ಕಾರ್ಡು ಬೇಕು. ಆ ಕಾರ್ಡು ಗ್ರಾಫಿಕ್ಸ್ ಕಾರ್ಡಿನ ಪಕ್ಕದ ಸ್ಲಾಟಿನಲ್ಲಿ ವರ್ಷಗಟ್ಟಲೆ ಕೂತಿತ್ತು. ಅಣ್ಣ ಹಿಡಿದದ್ದೆಲ್ಲ ಅದರ ಮೂಲಕವೇ ತಮ್ಮನ ಕೈಗೆ ಬರುತ್ತಿತ್ತು. ಅಣ್ಣನಿಗೆ ಗೊತ್ತಿದ್ದ ವಿದ್ಯೆ ಅದೊಂದೇ. ತಾಳಿ ಕಟ್ಟುವ ಹೊತ್ತಿಗೆ ಅವನು ಎಲ್ಲಿ ನಿಲ್ಲುತ್ತಾನೆಂಬುದು ಊರಿನ ಪುರೋಹಿತರಿಗೂ ಗೊತ್ತಿತ್ತು. ಅವರೇ ಸ್ವಲ್ಪ ಸರಿದು ಜಾಗ ಕೊಡುತ್ತಿದ್ದರು.

ಬರಬರುತ್ತಾ ಕಂಪ್ಯೂಟರ್ ನಿಧಾನವಾಯಿತು. “ಮೊಮ್ಮಗು ಹುಟ್ಟಿದ ಮೇಲೆ ಕೊಡ್ತೀರೇನ್ರೀ ಮದುವೆ ವಿಡಿಯೊ?” ಎಂದು ಹೆಣ್ಣಿನ ಕಡೆಯವರೊಬ್ಬರು ಸ್ಟುಡಿಯೊ ಬಾಗಿಲಲ್ಲೇ ನಿಂತು ಕೇಳಿದರು. ಅಣ್ಣನಿಗೆ ಅವಮಾನವಾಯಿತು. ಹೊಸ ಬೋರ್ಡು, ಹೊಸ ಗ್ರಾಫಿಕ್ಸ್ ಕಾರ್ಡು ತರೋಣ ಎಂದು ಮೊದಲು ಹೇಳಿದವನು ಅವನೇ.

ಇಬ್ಬರೂ ಹಳೆಯ ಕಂಪ್ಯೂಟರನ್ನು ಹೊತ್ತುಕೊಂಡು ಒಬ್ಬ ವ್ಯಾಪಾರಿಯ ಹತ್ತಿರ ಹೋದರು. ಒಳ್ಳೆಯ ವ್ಯಾಪಾರಿ. ತಮ್ಮ ಬಯಸಿದ ದೊಡ್ಡ ಕಾರ್ಡನ್ನು ಹೊಸ ಬೋರ್ಡಿನ ಪಕ್ಕಕ್ಕಿಟ್ಟು ಸ್ಲಾಟು ನೋಡಿದ, ಪವರ್ ಲೆಕ್ಕ ಹಾಕಿದ, ಕ್ಯಾಬಿನೆಟ್ಟಿಗೆ ಟೇಪು ಹಿಡಿದ. ಅಣ್ಣ ಬಾಯಿ ತೆರೆದ.

“ನಮ್ಮ ಕ್ಯಾಸೆಟ್ಟಿನ ಕಾರ್ಡು...”

“ಅಯ್ಯೋ ಅಣ್ಣಾ, ಆ ಮುತ್ತಜ್ಜನನ್ನೂ ಎಲ್ಲೋ ಒಂದು ಕಡೆ ಕೂರಿಸೋಣ ಬಿಡು” ಎಂದು ತಮ್ಮ ನಕ್ಕ. ಅಣ್ಣನೂ ನಕ್ಕ. ವ್ಯಾಪಾರಿಯ ಮುಂದೆ ಬೇರೆ ಗಿರಾಕಿಗಳು ಕಾಯುತ್ತಿದ್ದರು. ಅವನು ತಲೆಯೆತ್ತಲಿಲ್ಲ.

“ಇವೆರಡೂ ಹೊಂದುತ್ತವೆ. ಕಣ್ಣು ಮುಚ್ಚಿ ತಗೊಂಡು ಹೋಗಿ” ಎಂದ. ಹಳೆಯ ಬೋರ್ಡನ್ನು ವಾಡಿಕೆಯಂತೆ ಎಕ್ಸ್‌ಚೇಂಜಿಗೆ ಹಿಡಿದುಕೊಂಡ.

ಸ್ಟುಡಿಯೊದಲ್ಲಿ ಅಣ್ಣ ಕ್ಯಾಬಿನೆಟ್ಟಿಗೆ ಕುಂಕುಮ ಹಚ್ಚಿದ. ತಮ್ಮನು ದೊಡ್ಡ ಕಾರ್ಡನ್ನು ಸ್ಲಾಟಿಗೆ ಒತ್ತಿದ. ಅಳತೆ ತೆಗೆದು ಹೊಲಿದ ಅಂಗಿಯ ಹಾಗೆ ಕೂತಿತು. ಆದರೆ ಅದರ ಫ್ಯಾನುಗಳು ದಪ್ಪ, ಬೋರ್ಡು ಚಿಕ್ಕದು. ಕಾರ್ಡಿನ ಮೈ ಪಕ್ಕದ ಸ್ಲಾಟನ್ನು ಪೂರ್ತಿ ಮುಚ್ಚಿತು. ಇನ್ನೊಂದು ಸ್ಲಾಟು ಇರಲಿಲ್ಲ. ಅಣ್ಣ ಪುಟ್ಟ ಕಾರ್ಡನ್ನು ಅಂಗೈಯಲ್ಲಿಟ್ಟುಕೊಂಡು ನಿಂತಿದ್ದ.

ಮರುದಿನ ಅವನೊಬ್ಬನೇ ವ್ಯಾಪಾರಿಯ ಹತ್ತಿರ ಹೋಗಿ ಹಳೆಯ ಬೋರ್ಡು ಕೇಳಿದ.

“ನಿನ್ನೆ ಸಂಜೆನೇ ಮಾರಿ ಹೋಯ್ತಲ್ಲಣ್ಣ. ಯಾಕೆ, ಹೊಸದು ಹೊಂದಲಿಲ್ವಾ?”

“ಹೊಂದಿದೆ” ಎಂದ ಅಣ್ಣ.

ಯಂತ್ರ ಕುದುರೆಯಂತೆ ಓಡಿತು. ಗಿರಾಕಿಗಳು ಮರಳಿದರು. ತಮ್ಮನು ಕ್ಯಾಸೆಟ್ಟಿಲ್ಲದ ಹೊಸ ಕ್ಯಾಮೆರಾ ತಂದು ಅಣ್ಣನ ಕೈಗೇ ಕೊಟ್ಟ. ಅಣ್ಣ ಒಂದು ಮದುವೆ ಹಿಡಿದ. ಆ ಕ್ಯಾಮೆರಾದ ಸಣ್ಣ ಗುಂಡಿಗಳು ಅವನ ಬೆರಳಿಗೆ ಒಗ್ಗಲಿಲ್ಲ, ಧಾರೆಯೆರೆಯುವ ಹೊತ್ತಿನ ಚಿತ್ರ ಮಸುಕಾಯಿತು. ತಮ್ಮ ಬೈಯಲಿಲ್ಲ. ಮುಂದಿನ ಮದುವೆಗೆ ಒಬ್ಬ ಬಾಡಿಗೆಯ ಕ್ಯಾಮೆರಾದವನನ್ನು ಕರೆದ. ಅಣ್ಣ ಲೈಟು ಹಿಡಿದ.

ತಾಳಿ ಕಟ್ಟುವ ಹೊತ್ತು ಬಂತು. ಅಣ್ಣ ರೂಢಿಯಂತೆ ತಾನು ನಿಲ್ಲುವಲ್ಲಿ ಹೋಗಿ ನಿಂತ.

“ಲೈಟಣ್ಣಾ, ಫ್ರೇಮಿಗೆ ಬರ್ತಿದ್ದೀಯ. ಈ ಕಡೆ ಬಾರಪ್ಪ” ಎಂದ ಕ್ಯಾಮೆರಾದವನು.

ಅಣ್ಣ ಸರಿದ. ಗಟ್ಟಿಮೇಳ ಮುಗಿಯುವ ತನಕ ಅವನ ಕೈಯಲ್ಲಿ ಲೈಟು ಅಲುಗಲಿಲ್ಲ. ಅದರ ಮುಂದಿನ ಮದುವೆಗೆ ಅವನು ಬರಲಿಲ್ಲ. ತಮ್ಮನೇ ಅವನ ಮನೆಗೆ ಬಂದು ಕರೆದ, ಕಣ್ಣಲ್ಲಿ ನೀರು ಹಾಕಿದ. “ನೀನಿದ್ದೀಯಲ್ಲ, ನೋಡ್ಕೋ” ಎಂದ ಅಣ್ಣ. ಆಮೇಲೆ ಸ್ಟುಡಿಯೊದ ಮೆಟ್ಟಿಲು ಹತ್ತಲಿಲ್ಲ.

ಮುರಿಗೆಪ್ಪನವರು ಇಲ್ಲಿಗೆ ನಿಲ್ಲಿಸಿದರು. ತಿಪ್ಪೇಶ ಕೇಳಿದ: “ಸ್ಲಾಟು ಸರಿಯಿತ್ತು, ಪವರ್ ಸರಿಯಿತ್ತು, ಅಳತೆ ಸರಿಯಿತ್ತು. ತಮ್ಮನೂ ಕೆಟ್ಟವನಲ್ಲ. ಹಾಗಾದರೆ ಇದರಲ್ಲಿ ತಪ್ಪು ಯಾರದು, ಗುರುಗಳೇ?”

“ಅದನ್ನೇ ಆ ಅಣ್ಣನೂ ಹುಡುಕಿದ, ತಿಪ್ಪೇಶ. ಜಗಳವಾಡಿ ಮನಸ್ಸು ಹಗುರ ಮಾಡಿಕೊಳ್ಳೋಣವೆಂದರೆ ಅವನಿಗೆ ಯಾರೂ ಸಿಗಲಿಲ್ಲ.”

ಸಂಜೆ ಗ್ರಾಫಿಕ್ಸ್ ಕಾರ್ಡು ಕೇಳಿಕೊಂಡು ಬಂದ ಗಿರಾಕಿಯನ್ನು ತಿಪ್ಪೇಶ ಟೇಪು ಹಿಡಿಯುವ ಮೊದಲೇ ಕೇಳಿದ: “ಪಕ್ಕದ ಸ್ಲಾಟಿನಲ್ಲಿ ಏನು ಕೂತಿದೆ, ಅದು ಯಾರ ಕೆಲಸಕ್ಕೆ?”