ಅಳಿಲಿನ ಮೊದಲ ಬಾಡಿಗೆದಾರರು

ಹಳೇ ಮಾವಿನ ಮರದಲ್ಲಿ ಮರಕುಟಿಗನಿಗೆ ತಾನೇ ಕೊರೆದ ಮೂರು ಪೊಟರೆಗಳಿದ್ದವು. ಬಾಡಿಗೆಗಿದ್ದ ಗಿಳಿಗಳು ದಿನವೂ ಪೊಟರೆಗೊಂದು ಅತ್ತಿಹಣ್ಣು ತಂದುಕೊಡುವುದನ್ನು ಕಂಡು ಎದುರು ಕೊಂಬೆಯ ಅಳಿಲಿಗೆ ಹೊಟ್ಟೆ ಉರಿಯಿತು. ತನಗಿದ್ದ ಒಂದೇ ಪೊಟರೆಯನ್ನು ಗೊರವಂಕ ದಂಪತಿಗೆ ಬಾಡಿಗೆಗೆ ಕೊಟ್ಟು, ತಾನು ಕೊಂಬೆಯ ಕವಲಿನಲ್ಲಿ ಮಲಗತೊಡಗಿತು.

ಮೊದಲ ಹಣ್ಣು ಜೇನಿನಂತಿತ್ತು. ಆದರೆ ಒಳಗೆ ಗೊರವಂಕಗಳು ಹುಲ್ಲು ಹಾಸಿಕೊಂಡು, ಹರಟೆ ಹೊಡೆದು ನಗುತ್ತಿದ್ದರೆ ಎರಡನೇ ಹಣ್ಣು ಅಳಿಲಿನ ಗಂಟಲಲ್ಲಿ ಇಳಿಯಲಿಲ್ಲ. ತಾನಿದ್ದಾಗ ಈ ಮನೆ ಇಷ್ಟು ಚೆಂದ ಇರಲೇ ಇಲ್ಲವಲ್ಲ!

ನಾಲ್ಕನೇ ಪೊಟರೆ ಕೊರೆಯುತ್ತಿದ್ದ ಮರಕುಟಿಗನ ಬಳಿಗೆ ಅಳಿಲು ಓಡಿತು. "ಅಣ್ಣಾ, ಬಾಡಿಗೆಯವರು ನಿಮ್ಮ ಮನೆಯಲ್ಲಿ ಕೂತು ನಗುವುದನ್ನು ಹೇಗೆ ಸಹಿಸುತ್ತೀರಿ?"

"ನಗುವವರು ಮನೆ ಬಿಟ್ಟು ಹೋಗುವುದಿಲ್ಲ ತಮ್ಮಾ. ನಗು ನಿಂತ ದಿನ ನನಗೆ ಚಿಂತೆ," ಎಂದ ಮರಕುಟಿಗ.

ಅಳಿಲಿಗೆ ಇದು ರುಚಿಸಲಿಲ್ಲ. "ಊರಿಂದ ನೆಂಟರು ಬರುತ್ತಿದ್ದಾರೆ, ಮನೆ ನಮಗೇ ಬೇಕು," ಎಂದು ಅಂದೇ ಗೊರವಂಕಗಳನ್ನು ಖಾಲಿ ಮಾಡಿಸಿ, ಅವು ಹಾಸಿದ್ದ ಹುಲ್ಲಿನ ಮೇಲೆ ಕಾಲು ಚಾಚಿತು. ನಗಬೇಕೆಂದು ಬಾಯಿ ತೆರೆದರೆ ನಗು ಬರಲಿಲ್ಲ.

ಬೆಳಿಗ್ಗೆ ಅದೇ ನಗು ಎದುರಿನಿಂದ ಕೇಳಿಸಿತು. ಅಳಿಲು ತಲೆ ಹೊರಗೆ ಹಾಕಿ ನೋಡಿದರೆ, ಗೊರವಂಕಗಳು ಹೊಸ ಪೊಟರೆಗೆ ಹುಲ್ಲು ಸಾಗಿಸುತ್ತಿದ್ದವು. ಮರಕುಟಿಗನ ಮುಂದೆ ನಾಲ್ಕು ಹಣ್ಣುಗಳಿದ್ದವು.