ಓಬದ್ಯ ಯಾರು?

ಬೆಟಗೇರಿಯ ಕೃಪಾವತಿ ಅಕ್ಕೋರು ಹೆಸರು ಕೂಡಿಸಿ ಪದ್ಯ ಕಟ್ಟುವುದರಲ್ಲಿ ಎತ್ತಿದ ಕೈ. ಅವರ ಕ್ರೈಸ್ತ ಸಭೆಯಲ್ಲಿ ಯಾರದೇ ಮದುವೆಯಾಗಲಿ, ಚರ್ಚಿನ ಬಾಗಿಲಲ್ಲಿ ಬಣ್ಣದ ಹಾಳೆಯ ಮೇಲೆ ಅಚ್ಚು ಹಾಕಿಸಿದ ಪದ್ಯವೊಂದನ್ನು ಹಂಚುವ ಪದ್ಧತಿ. ಸಾಲುಗಳ ಮೊದಲ ಅಕ್ಷರಗಳನ್ನು ಮೇಲಿಂದ ಕೆಳಗೆ ಓದಿದರೆ ಮದುಮಗನ ಹೆಸರು, ಮದುಮಗಳ ಹೆಸರು ಬರಬೇಕು. ನಲವತ್ತು ವರ್ಷ ಆ ಪದ್ಯಗಳನ್ನೆಲ್ಲ ಬರೆದವರು ಅಕ್ಕೋರೇ. ಒಮ್ಮೆ ಝಾನ್ಸಿ ಎಂಬ ಮದುಮಗಳು ಬಂದಳು. ಝ ಅಕ್ಷರಕ್ಕೆ ಏನು ಮಾಡುತ್ತಾರೋ ನೋಡೋಣ ಎಂದು ಜನ ಕಾದು ಕೂತರು. ಅಕ್ಕೋರು ಝರಿಯನ್ನೇ ಹರಿಸಿಬಿಟ್ಟರು, ಅದೂ ವಾರಕ್ಕೊಮ್ಮೆ ನಳದಲ್ಲಿ ನೀರು ಬರುವ ಊರಿನಲ್ಲಿ!

ಮಗು ಹುಟ್ಟಿದರೆ ಪದ್ಯ, ಹಿರಿಯರು ತೀರಿಕೊಂಡರೆ ಪದ್ಯ. ಅಕ್ಕೋರ ಪದ್ಯದಲ್ಲಿ ಎಲ್ಲ ಗಂಡಂದಿರೂ ಸಾಧುಗಳು, ಎಲ್ಲ ಅತ್ತೆಯಂದಿರೂ ಜೇನುತುಪ್ಪ, ಸತ್ತವರೆಲ್ಲ ಸೀದಾ ಸ್ವರ್ಗಕ್ಕೆ. ಕೇಳಿದವರ ಹೊಟ್ಟೆ ತಣ್ಣಗಾಗುತ್ತಿತ್ತು. ಮನೆಗೆ ಹೋಗುವಷ್ಟರಲ್ಲಿ ಮರೆತೂ ಹೋಗುತ್ತಿತ್ತು. ಇಂಥವರು ಪದ್ಯ ಬಿಟ್ಟು ಕಥೆಗೆ ಯಾಕೆ ಬಂದರು, ಅದನ್ನು ಮೊದಲು ಹೇಳಬೇಕು.

ಅಕ್ಕೋರಿಗೆ ಒಬ್ಬಳೇ ತಂಗಿ, ತಬಿಥಾ. ಮದುವೆಯಾಗಿ ಹುಬ್ಬಳ್ಳಿಯಲ್ಲಿದ್ದಳು. ಅಲ್ಲಿ ಬೇರೊಂದು ಸಭೆಗೆ ಸೇರಿ, ತೊಟ್ಟಿಯ ನೀರಿನಲ್ಲಿ ಮುಳುಗಿ ಎರಡನೆಯ ಸಲ ದೀಕ್ಷಾಸ್ನಾನ ತಗೊಂಡಳು. ಅಕ್ಕನ ಸಿಟ್ಟು ನೆತ್ತಿಗೇರಿತು. ನಮ್ಮಪ್ಪ ನಿನ್ನನ್ನು ಎತ್ತಿಕೊಂಡು ಹೋಗಿ ಹಣೆಗೆ ನೀರು ಹಾಕಿಸಿದ್ದು ಸುಳ್ಳಾಯಿತೇನು ಎಂದು ಕೇಳಿದರು. ತಂಗಿಯೂ ಬಿಡುವವಳಲ್ಲ. ಮಾತಿಗೆ ಮಾತು ಬೆಳೆಯಿತು. ದೇವರು ಒಬ್ಬನೇ, ಬೈಬಲ್ಲೂ ಒಂದೇ. ನೀರು ಹಣೆಗೋ ಇಡೀ ಮೈಗೋ ಎಂಬಷ್ಟಕ್ಕೇ ಒಡಹುಟ್ಟಿದವರು ಹನ್ನೊಂದು ವರ್ಷ ಮಾತು ಬಿಟ್ಟರು. ಊರಿಗೆ ಇದರ ಸುಳಿವೂ ಸಿಗಲಿಲ್ಲ.

ಹನ್ನೆರಡನೆಯ ವರ್ಷ ತಬಿಥಾ ಹಾಸಿಗೆ ಹಿಡಿದಳು. ಅಕ್ಕನನ್ನೊಮ್ಮೆ ನೋಡಬೇಕು ಎಂದು ಮಗನ ಕೈಯಿಂದ ಫೋನು ಮಾಡಿಸಿದಳು. ಅಕ್ಕೋರು ಆಗ ಈಸ್ಟರ್ ಹಬ್ಬದ ಹಾಡು ಬರೆಯುತ್ತ ಕೂತಿದ್ದರು. ಹಬ್ಬ ಮುಗಿಸಿಕೊಂಡು ಬರುತ್ತೇನೆ ಎಂದರು. ಹುಬ್ಬಳ್ಳಿಗೆ ಬಸ್ಸಿನಲ್ಲಿ ಎಷ್ಟು ಹೊತ್ತು? ಹೆಚ್ಚೆಂದರೆ ಎರಡು ತಾಸು. ಹಬ್ಬಕ್ಕೆ ಇನ್ನೂ ಮೂರು ದಿನ ಇರುವಾಗಲೇ ತಂಗಿ ತೀರಿಕೊಂಡಳು.

ಹುಟ್ಟಿದೂರಲ್ಲೇ ಮಣ್ಣು ಮಾಡಿ ಎಂದು ಅವಳೇ ಹೇಳಿದ್ದಳಂತೆ. ಹೆಣ ಬೆಟಗೇರಿಗೆ ಬಂತು. ಅಕ್ಕೋರು ಒಂದೇ ತಾಸಿನಲ್ಲಿ ಹನ್ನೆರಡು ಸಾಲಿನ ಪದ್ಯ ಬರೆದರು. 'ಕೊನೆಯ ಉಸಿರಿನ ತನಕ ಕೈಬಿಡದ ಒಡಹುಟ್ಟು' ಎಂದು ಅದರಲ್ಲೊಂದು ಸಾಲು. ಗುಂಡಿಯ ಮುಂದೆ ನಿಂತು ಅದನ್ನು ಓದಿದಾಗ ಸೇರಿದವರೆಲ್ಲ ಸೆರಗಿನಿಂದ, ಟವೆಲಿನಿಂದ ಕಣ್ಣೊರೆಸಿಕೊಂಡರು. ಅಕ್ಕ ಅಂದರೆ ಇಂಥ ಅಕ್ಕ ಇರಬೇಕು ಎಂದು ಹೊಗಳಿದರು. ಅಕ್ಕೋರ ಕಣ್ಣಲ್ಲಿ ಮಾತ್ರ ಒಂದು ಹನಿಯೂ ಬರಲಿಲ್ಲ. ನಲವತ್ತು ವರ್ಷದಲ್ಲಿ ಮೊದಲ ಸಲ, ತಾವು ಓದಿದ್ದು ತಮಗೇ ಕೇಳಿಸಿತ್ತು.

ಅಲ್ಲಿಗೆ ಪದ್ಯ ನಿಂತಿತು. ಮದುವೆ ಮನೆಯವರು ಬಂದರೆ ತಲೆನೋವು ಎಂದು ಹೇಳಿ ಕಳಿಸಿದರು. ತಂಗಿಯ ವಿಷಯವನ್ನು ಇದ್ದದ್ದು ಇದ್ದ ಹಾಗೆ ಬರೆಯೋಣವೆಂದು ಎಷ್ಟೋ ಸಲ ಕೂತರು. ಆದರೆ ಪ್ರಾಸ ಬಂದು ಅಡ್ಡ ನಿಲ್ಲುತ್ತಿತ್ತು. ಲಯ ಬಂದು ಮಗುವನ್ನು ತಟ್ಟಿದ ಹಾಗೆ ತಟ್ಟಿ ಮಲಗಿಸುತ್ತಿತ್ತು. ಕಡೆಗೆ ಒಂದು ದಿನ, ಶಾಲೆ ಮಕ್ಕಳ ನೋಟ್‌ಬುಕ್ಕಿನಲ್ಲಿ, ಮನೆಯಲ್ಲಿ ಮಾತಾಡುವ ಹಾಗೆ ಬರೆಯಲು ಶುರು ಮಾಡಿದರು. ಅದು ಕಥೆಯಾಯಿತು. ಕಥೆ ಬೆಳೆದು ಕಾದಂಬರಿಯಾಯಿತು.

ಕಾದಂಬರಿಯಲ್ಲಿ ಒಬ್ಬ ಓಬದ್ಯ ಬರುತ್ತಾನೆ. ಅವನ ಅಣ್ಣ ಸಾಯುವಾಗ ಕರೆಕಳಿಸುತ್ತಾನೆ. ಕೆಲಸವಿದೆ, ನಾಳೆ ಬರುತ್ತೇನೆ ಎಂದು ಓಬದ್ಯ ಹೋಗುವುದೇ ಇಲ್ಲ. ಅಣ್ಣ ಸತ್ತಮೇಲೆ ಎಲ್ಲರಿಗಿಂತ ಮೊದಲು ಓಡಿ ಬಂದು, ಶವಪೆಟ್ಟಿಗೆಗೆ ಮುಂದಿನ ಹೆಗಲು ಕೊಟ್ಟು, ಎಲ್ಲರಿಗಿಂತ ಜೋರಾಗಿ ಅಳುತ್ತಾನೆ. ಯಾರ ಮನಸ್ಸಿಗೂ ನೋವಾಗಬಾರದು ಎಂದು ಅಕ್ಕೋರು ಸಭೆಯ ರಿಜಿಸ್ಟರನ್ನೇ ತರಿಸಿ, ನೂರು ವರ್ಷದ ಹೆಸರುಗಳನ್ನು ನೋಡಿ, ಅದರಲ್ಲಿ ಯಾರಿಗೂ ಇಲ್ಲದ ಈ ಬೈಬಲ್ಲಿನ ಹೆಸರನ್ನು ಆರಿಸಿಕೊಂಡಿದ್ದರು. ಆದರೆ ಎಡವಟ್ಟಾಗಿದ್ದು ಅಲ್ಲೇ. ಯಾರದೂ ಅಲ್ಲದ ಹೆಸರು ಯಾರಿಗೆ ಬೇಕಾದರೂ ಹೊಂದುತ್ತದೆ.

ಬರೆಯಲು ಮೂರು ವರ್ಷ ಹಿಡಿಯಿತು. ಕ್ರೈಸ್ತ ಪುಸ್ತಕಗಳನ್ನು ಅಚ್ಚು ಹಾಕುವ ಒಬ್ಬ ಪ್ರಕಾಶಕರಿಗೆ ಕಳಿಸಿದರು. ಬರವಣಿಗೆ ಸೊಗಸಾಗಿದೆ, ಆದರೆ ಓಬದ್ಯ ಅಣ್ಣ ಸಾಯುವ ಮೊದಲೇ ಹೋಗಿ ಮುಟ್ಟುವ ಹಾಗೆ ತಿದ್ದಿ ಕೊಡಿ, ನಮ್ಮ ಓದುಗರಿಗೆ ಸಮಾಧಾನ ಬೇಕು ಎಂದು ಅವರು ಕಾಗದ ಬರೆದರು. ಅಕ್ಕೋರು ಮರಳಿ ಬರೆದದ್ದು ಎರಡೇ ಮಾತು. 'ಅವನು ಹೋಗಲಿಲ್ಲ. ನಾನು ಹೇಗೆ ಕಳಿಸಲಿ?' ಕೊನೆಗೆ ಗದಗಿನಲ್ಲಿ ಲಗ್ನಪತ್ರಿಕೆ ಅಚ್ಚು ಹಾಕುವವನೇ ಮುನ್ನೂರು ಪ್ರತಿ ಹಾಕಿಕೊಟ್ಟ.

ಮೊದಲ ಭಾನುವಾರ ಜನ ಮುಗಿಬಿದ್ದು ಪುಸ್ತಕ ತಗೊಂಡರು. ಎರಡನೆಯ ಭಾನುವಾರ ಅಕ್ಕೋರ ಪಕ್ಕದಲ್ಲಿ ಕೂರಲು ಯಾರೂ ಬರಲಿಲ್ಲ. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡರಂತೆ. ಇಲ್ಲಿ ಸಾಲುಸಾಲಾಗಿ ಮುಟ್ಟಿ ನೋಡಿಕೊಂಡಿದ್ದರು. ನರ್ಸ್ ಕೆಲಸದಿಂದ ನಿವೃತ್ತಿಯಾದ ಯೆಮೀಮಾ ಬಾಯಿ ಮನೆಗೇ ಬಂದು, ನನ್ನ ನಾದಿನಿ ನಿಮಗೆ ಏನೇನು ಚಾಡಿ ಹೇಳಿದ್ದಾಳೆ ಎಂದು ಕೇಳಿ ಹೋದಳು. ನೇಕಾರ ದಾನಿಯೇಲ ದಾರಿಯಲ್ಲಿ ಎದುರಾದರೆ ಓಣಿ ಬದಲಿಸತೊಡಗಿದ.

ಎಲ್ಲರಿಗಿಂತ ಹೆಚ್ಚು ಕೆಂಡ ಕಾರಿದವರು ಸಭೆಯ ಹಿರಿಯರಾದ ತಿಮೊಥಿಯಪ್ಪ. ಅವರಿಗೊಬ್ಬ ತಮ್ಮ, ತೀತಪ್ಪ. ಅಪ್ಪನ ಸಮಾಧಿಯ ಕಲ್ಲಿಗೆ ಯಾವ ವಚನ ಕೆತ್ತಿಸಬೇಕು ಎಂದು ಇಬ್ಬರೂ ಜಗಳ ಆಡಿ ಒಂಬತ್ತು ವರ್ಷವಾಗಿತ್ತು. ಕಲ್ಲು ಇನ್ನೂ ಬೋಳಾಗಿಯೇ ಇತ್ತು. ಈಗ ತೀತಪ್ಪನಿಗೆ ಲಕ್ವಾ ಹೊಡೆದು ಎರಡು ತಿಂಗಳಾಗಿತ್ತು. ಎರಡು ಸಲ ಅಣ್ಣನಿಗೆ ಹೇಳಿ ಕಳಿಸಿದ್ದ. ಅಣ್ಣ ಹೋಗಿರಲಿಲ್ಲ. ಊರಿಗೆಲ್ಲ ಗೊತ್ತಿದ್ದ ಸಂಗತಿ ಇದು. ಹಾಗಾಗಿ ಓಬದ್ಯ ಎಂದರೆ ತಾನೇ ಎಂದು ತಿಮೊಥಿಯಪ್ಪನವರಿಗೆ ಖಾತ್ರಿಯಾಯಿತು. ಪುಸ್ತಕ ಬರೆದು ಮುಗಿದಾಗ ತೀತಪ್ಪ ಗಟ್ಟಿಮುಟ್ಟಾಗಿ ಓಡಾಡಿಕೊಂಡಿದ್ದ ಎಂಬುದು ಅವರ ತಲೆಗೆ ಹೊಳೆಯಲೇ ಇಲ್ಲ.

ಆ ಸಭೆಯಲ್ಲಿ ಒಂದು ಕಟ್ಟಳೆ ಉಂಟು. ಕರ್ತನ ಭೋಜನದ ಹಿಂದಿನ ದಿನ ಸಂಜೆ ಎಲ್ಲರೂ ಸೇರುತ್ತಾರೆ. ಯಾರಿಗೆ ಯಾರ ಮೇಲೆ ದೂರಿದೆಯೋ ಅಲ್ಲೇ ಹೇಳಿ, ಕ್ಷಮೆ ಕೇಳಿ, ಬಗೆಹರಿಸಿಕೊಳ್ಳಬೇಕು. ಬಗೆಹರಿಯದಿದ್ದರೆ ಮರುದಿನ ಅವರಿಗೆ ರೊಟ್ಟಿಯೂ ಇಲ್ಲ, ದ್ರಾಕ್ಷಾರಸವೂ ಇಲ್ಲ. ಕೃಪಾವತಿ ಅಕ್ಕೋರು ನೆರೆಯವರ ಮೇಲೆ ಸುಳ್ಳುಸಾಕ್ಷಿ ಬರೆದು ದೇವರ ಹತ್ತು ಆಜ್ಞೆಗಳಲ್ಲಿ ಒಂಬತ್ತನೆಯದನ್ನು ಮೀರಿದ್ದಾರೆ ಎಂದು ತಿಮೊಥಿಯಪ್ಪ ಕೂಟಕ್ಕೆ ಮೊದಲೇ ಚರ್ಚಿನ ಪಾದ್ರಿಗಳಾದ ಸಭಾಪಾಲಕರಿಗೆ ದೂರು ಕೊಟ್ಟರು. ಓಬದ್ಯನ ಅಧ್ಯಾಯ ಹರಿದು ಹಾಕಬೇಕು, ಇಲ್ಲವಾದರೆ ಪಂಕ್ತಿಯಿಂದ ದೂರ ಇಡಬೇಕು ಎಂದರು.

ಅಕ್ಕೋರು ಹದಿನಾರನೆಯ ವಯಸ್ಸಿನಿಂದ ಒಂದು ಸಲವೂ ಆ ಭೋಜನ ತಪ್ಪಿಸಿದವರಲ್ಲ. ಹೆರಿಗೆಯಾದ ಮೂರನೆಯ ವಾರವೇ ಬಂದು ಮೊಣಕಾಲೂರಿದವರು. ಸಭಾಪಾಲಕರು ಚಿಕ್ಕ ವಯಸ್ಸಿನವರು, ಒಳ್ಳೆಯವರು. ಕೂಟದ ದಿನ ಮಧ್ಯಾಹ್ನವೇ ಅಕ್ಕೋರ ಮನೆಗೆ ಬಂದು, ಓಬದ್ಯ ಯಾರೂ ಅಲ್ಲ, ಎಲ್ಲ ನನ್ನ ಕಲ್ಪನೆ ಎಂದು ಒಂದು ಮಾತು ಹೇಳಿಬಿಡಿ, ಉಳಿದದ್ದು ನನಗೆ ಬಿಡಿ, ಅಧ್ಯಾಯವನ್ನೂ ಹರಿಯಬೇಕಾಗಿಲ್ಲ ಎಂದು ಬೇಡಿಕೊಂಡರು. ಅಕ್ಕೋರು ಅವರಿಗೆ ಚಹಾ ಕೊಟ್ಟು ಕಳಿಸಿ ಸಂಜೆಯ ತನಕ ಯೋಚನೆ ಮಾಡಿದರು. ಒಂದೇ ಮಾತು. ಹೇಳಿದರೆ ಪುಸ್ತಕ ಉಳಿಯುತ್ತದೆ, ಪಂಕ್ತಿ ಉಳಿಯುತ್ತದೆ, ಮರ್ಯಾದೆಯೂ ಉಳಿಯುತ್ತದೆ. ಸುಳ್ಳೆಂದು ಹಿಡಿದು ತೋರಿಸುವವರು ಈ ಸಭೆಯಲ್ಲಿ ಯಾರೂ ಇಲ್ಲ. ಹಿಡಿಯಬಹುದಾಗಿದ್ದವಳು ಮಣ್ಣಿನಲ್ಲಿ ಮಲಗಿದ್ದಳು.

ಸಂಜೆ ಎಲ್ಲರೂ ಸೇರಿದರು. ತಿಮೊಥಿಯಪ್ಪ ಎದ್ದು ನಿಂತು, ಪುಸ್ತಕ ಎತ್ತಿ ಹಿಡಿದು, ಇದರಲ್ಲಿರುವ ಓಬದ್ಯ ನಾನೇ ಎಂದು ಗುಡುಗಿದರು. ಕೂಡಲೇ ಹೆಂಗಸರ ಕಡೆಯಿಂದ ಯೆಮೀಮಾ ಬಾಯಿ, ನೀವು ಹೇಗಾಗುತ್ತೀರಿ, ಅದು ನನ್ನ ಕಥೆ, ನಮ್ಮವ್ವ ಕರೆದಾಗ ನಾನೇ ಹೋಗಿರಲಿಲ್ಲ ಎಂದಳು. ಹೇಳಿದ ಮೇಲೆ ತಾನು ಹೇಳಿದ್ದೇನೆಂದು ತಿಳಿದು ಬಾಯಿ ಮುಚ್ಚಿಕೊಂಡಳು. ಹಿಂದಿನ ಬೆಂಚಿನಲ್ಲಿ ದಾನಿಯೇಲ ಎದ್ದು ನಿಂತ. ತಾನೂ ಎಂಬಂತೆ ಕೈ ಎತ್ತಿ ಮತ್ತೆ ಕೂತ. ಮೂರು ಜನ ಓಬದ್ಯರಾದರು! ಯಾರೋ ನಕ್ಕರು. ತಿಮೊಥಿಯಪ್ಪ ತಬ್ಬಿಬ್ಬಾದರು. ತಾವೊಬ್ಬರೇ ಅಲ್ಲ ಎಂದು ತಿಳಿದಾಗ ಅವರ ಸಿಟ್ಟು ಅರ್ಧಕ್ಕರ್ಧ ಇಳಿಯಿತು.

"ಹೋಗ್ಲಿ ಬಿಡ್ರಿ," ಎಂದರು. "ಓಬದ್ಯ ಯಾರೂ ಅಲ್ಲ ಅಂತ ಅಂದ್ಬಿಡ್ರಿ ಅಕ್ಕೋರ. ಇಲ್ಲಿಗೇ ಮುಗಸೋಣು."

ಸಭಾಪಾಲಕರು ಹೂಂ ಅನ್ನಿ ಎಂದು ಕಣ್ಣಲ್ಲೇ ಹೇಳಿದರು. ಅಕ್ಕೋರು ಬೆಂಚು ಹಿಡಿದುಕೊಂಡು ಎದ್ದರು.

"ಓಬದ್ಯ ನಾನರೀ," ಎಂದರು. "ನನ್ನ ತಂಗಿ ಕರಿಕಳಿಸಿದ್ಲು. ನಾ ಹಾಡು ಬರ್‍ಯಾಕತ್ತಿದ್ದೆ, ಹೋಗಲಿಲ್ಲ. ಸುಳ್ಳುಸಾಕ್ಷಿ ಹೇಳಿದ್ದು ಖರೇ. ಆದ್ರ ಈ ಪುಸ್ತಕದಾಗ ಅಲ್ಲ. ಅಕಿ ಮಣ್ಣಿನ ಮುಂದ ನಿಂತು ಪದ್ಯ ಓದಿದೆನಲ್ಲ, ಅದರಾಗ. ಅವತ್ತು ನೀವೆಲ್ಲ ಅತ್ತು ನನ್ನ ಹೊಗಳಿದ್ರಿ."

ಪದ್ಯಕ್ಕಾಗಿ ಪಂಕ್ತಿಯಿಂದ ದೂರ ಇಡುವುದಾದರೆ ಇಡಿ, ತಲೆಬಾಗುತ್ತೇನೆ, ಕಾದಂಬರಿಯ ಒಂದು ಸಾಲನ್ನೂ ತೆಗೆಯುವುದಿಲ್ಲ ಎಂದು ಅಕ್ಕೋರು ನೆಟ್ಟಗೆ ನಿಂತು ಹೇಳಿದರು. ಕಣ್ಣಲ್ಲಿ ನೀರು ಇಳಿಯುತ್ತಿತ್ತು, ಧ್ವನಿ ಮಾತ್ರ ನಡುಗಲಿಲ್ಲ. ಆಮೇಲೆ ತಿಮೊಥಿಯಪ್ಪನವರ ಕಡೆಗೆ ತಿರುಗಿದರು.

"ಹಿರಿಯಾರ, ತಪ್ಪಾತು ಅನ್ನಾಕ ನನಗ ತಂಗಿ ಇಲ್ಲ. ನಿಮ್ಮ ತಮ್ಮ ಇನ್ನೂ ಅದಾನ."

ಕೂಟದ ಕೊನೆಯ ಪ್ರಾರ್ಥನೆ ಮಾಡಬೇಕಾದವರು ತಿಮೊಥಿಯಪ್ಪ. ಅವರು ಪ್ರಾರ್ಥನೆ ಮಾಡಲಿಲ್ಲ. ಪುಸ್ತಕವನ್ನು ಬೆಂಚಿನ ಮೇಲಿಟ್ಟರು. ಬಾಗಿಲಲ್ಲಿದ್ದ ಚಪ್ಪಲಿ ಮೆಟ್ಟಿಕೊಂಡು ಹೊರಟೇ ಹೋದರು. ಕಾದು ಕಾದು ಸಭಾಪಾಲಕರೇ ಪ್ರಾರ್ಥನೆ ಮುಗಿಸಿದರು. ಮರುದಿನ ಅಕ್ಕೋರು ಮುಂದೆ ಬಂದು ಮೊಣಕಾಲೂರಿದಾಗ ಯಾರೂ ತಡೆಯಲಿಲ್ಲ. ಅವರ ಕೈಯಲ್ಲಿ ರೊಟ್ಟಿ ಇಡುವಾಗ ಸಭಾಪಾಲಕರ ಕಣ್ಣೂ ಒದ್ದೆಯಾಗಿತ್ತು. ಹಿರಿಯರ ಕುರ್ಚಿಯಲ್ಲಿ ತಿಮೊಥಿಯಪ್ಪ ಇರಲಿಲ್ಲ.

ಅವರು ತಮ್ಮನ ಮನೆಯಲ್ಲಿದ್ದರು. ಹಿಂದಿನ ಸಂಜೆ ಬಂದು ಹೊಸ್ತಿಲ ಹೊರಗೇ ನಿಂತಿದ್ದರಂತೆ. ತೀತಪ್ಪನ ಹೆಂಡತಿ ಒಳಗೆ ಕರೆದು ಕುರ್ಚಿ ಹಾಕಿದರೆ, ಅದನ್ನು ಬಿಟ್ಟು ಹಾಸಿಗೆಯ ಪಕ್ಕ ನೆಲದ ಮೇಲೆ ಕೂತರಂತೆ. ತೀತಪ್ಪನಿಗೆ ಮಾತು ಅರ್ಧ ಬಿದ್ದುಹೋಗಿತ್ತು. ಇಬ್ಬರೂ ಏನು ಮಾತಾಡಿಕೊಂಡರೋ ಅವಳಿಗೂ ತಿಳಿಯಲಿಲ್ಲ. ಅಂದಿನಿಂದ ತಮ್ಮನಿಗೆ ಗಂಜಿ ಕುಡಿಸುವುದು, ಮಗ್ಗಲು ಬದಲಿಸುವುದು, ಕೀರ್ತನೆ ಓದಿ ಕೇಳಿಸುವುದು ಎಲ್ಲ ಅಣ್ಣನದೇ ಆಯಿತು.

ಕೆಲವು ದಿನಗಳಾದ ಮೇಲೆ ತೀತಪ್ಪ ತೀರಿಕೊಂಡ. ಮಣ್ಣಿಗೆ ಊರೆಲ್ಲ ಸೇರಿತ್ತು. ಒಂದು ಪದ್ಯ ಬರೆದುಕೊಡಿ ಎಂದು ಅಕ್ಕೋರನ್ನು ಯಾರೂ ಕೇಳಲಿಲ್ಲ, ಅವರೂ ಬರೆಯಲಿಲ್ಲ. ಎಲ್ಲ ಮುಗಿದ ಮೇಲೆ ತಿಮೊಥಿಯಪ್ಪ ಜನರ ನಡುವೆ ದಾರಿ ಮಾಡಿಕೊಂಡು ಅಕ್ಕೋರ ಹತ್ತಿರ ಬಂದರು. ಎರಡೂ ಕೈ ಮುಗಿದು ನಿಂತರು.

"ಅಕ್ಕೋರ," ಎಂದರು, "ನನಗ ಹತ್ತೊಂಬತ್ತು ದಿನ ಸಿಕ್ಕೂವರೀ."

ನೀತಿ: ಕಟ್ಟಿದ ಕಥೆಯೆಲ್ಲ ಸುಳ್ಳಲ್ಲ, ಎಲ್ಲರೂ ಮೆಚ್ಚಿದ ಪದ್ಯವೆಲ್ಲ ನಿಜವೂ ಅಲ್ಲ. ಬರೆಯುವವನು ಮೊದಲು ತನ್ನ ತಪ್ಪನ್ನು ಅಂಜದೆ ಬರೆದರೆ, ಓದುವವನಿಗೆ ತನ್ನ ತಪ್ಪನ್ನು ತಿದ್ದಿಕೊಳ್ಳಲು ಇನ್ನೂ ಹೊತ್ತಿರುತ್ತದೆ.