ಜಗ್ಗದೆ ಉಳಿದ ಹಗ್ಗ

“ಗುರುಗಳೇ, ಮಕ್ಕಳನ್ನು ಬಿಗಿಯಲ್ಲಿ ಬೆಳೆಸುವುದು ತಪ್ಪೇ?” ಎಂದು ಶಂಭುಲಿಂಗನೆಂಬ ಶಿಷ್ಯ ಕೇಳಿದ. ಉತ್ತರಕ್ಕೆ ಕಾಯದೆ ತಾನೇ ಮುಂದುವರಿಸಿದ. “ನನ್ನ ಮಗಳು ಹತ್ತನೆಯ ತರಗತಿ. ಮೊದಲು ದಿನವೂ ಗೋಳು: ಲೆಕ್ಕ ತಲೆಗೆ ಹೋಗುವುದಿಲ್ಲ, ಶಾಲೆ ಎಂದರೆ ಭಯ. ನಾನು ಸೊಪ್ಪು ಹಾಕಲಿಲ್ಲ. ತರಗತಿಗೆ ಮೊದಲು ಬಂದ ಹುಡುಗಿಯ ಅಂಕಗಳನ್ನು ಬರೆದು ಅವಳ ಮೇಜಿನ ಎದುರಿನ ಗೋಡೆಗೆ ಅಂಟಿಸಿದೆ. ಈಗ ತುಟಿ ಪಿಟಕ್ಕೆನ್ನದೆ ಕೂತು ಓದುತ್ತಾಳೆ. ಊಟಕ್ಕೂ ಕರೆಯಬೇಕು. ಆದರೆ ಅವಳ ತಾಯಿ ಹೆದರುತ್ತಾಳೆ. ಯಾಕೆ ಎಂದು ಕೇಳಿದರೆ ಹೇಳಲು ಅವಳಿಗೇ ಬರುವುದಿಲ್ಲ.”

ಗುರುಗಳು ಕೇಳಿಸಿಕೊಂಡು, ಈ ಕತೆ ಹೇಳಿದರು.

ಒಬ್ಬ ವ್ಯಾಪಾರಿಗೆ ಒಬ್ಬನೇ ಮಗ. ಈಜು ಕಲಿಸಲೆಂದು ಅವನನ್ನು ಊರ ಮೆಟ್ಟಿಲ ಬಾವಿಗೆ ಕರೆದೊಯ್ದ. ಮಗನ ಸೊಂಟಕ್ಕೆ ಹಗ್ಗ ಕಟ್ಟಿ, ಇನ್ನೊಂದು ತುದಿಯನ್ನು ತನ್ನ ಮುಂಗೈಗೆ ಸುತ್ತಿಕೊಂಡ. “ಹೆದರಿಕೆಯಾದರೆ ಹಗ್ಗ ಜಗ್ಗು. ಎತ್ತಿಕೊಳ್ಳುತ್ತೇನೆ” ಎಂದ. ಮಗ ಆ ಮಾತನ್ನು ನಂಬಿ ನೀರಿಗಿಳಿದ.

ಮೊದಲ ದಿನ ಹುಡುಗ ಜಗ್ಗಿದ. ತಂದೆ ಎತ್ತಿಕೊಂಡ. ಎತ್ತಿಕೊಂಡು, ಮೆಟ್ಟಿಲ ಮೇಲಿದ್ದವರಿಗೆಲ್ಲ ಕೇಳುವಂತೆ ಬೈದ. “ಎದುರು ಮನೆಯವನು ನಿನಗಿಂತ ಚಿಕ್ಕವನು, ಬಾವಿ ಸುತ್ತು ಹಾಕುತ್ತಾನೆ. ನೀನು ಅವನ ಒದ್ದೆ ಚಡ್ಡಿ ಹಿಂಡುವುದಕ್ಕೆ ಲಾಯಕ್ಕು.” ಜನ ನಕ್ಕರು.

ಮರುದಿನ ಹುಡುಗ ಜಗ್ಗಿದಾಗ ತಂದೆ ಎತ್ತಲಿಲ್ಲ. “ನಾಟಕ ಸಾಕು, ಕೈಕಾಲು ಬಡಿ” ಎಂದು ಮೇಲಿನಿಂದಲೇ ಗದರಿಸಿದ. ಹುಡುಗ ಹೇಗೋ ಮೆಟ್ಟಿಲು ಹಿಡಿದ. ಅದು ತನ್ನ ಪಾಠದ ಫಲವೆಂದು ವ್ಯಾಪಾರಿ ತಿಳಿದ.

ಅಂದಿನಿಂದ ಬಾವಿಗೆ ಹೊರಡುವ ಹೊತ್ತಿಗೆ ಹುಡುಗನಿಗೆ ಹೊಟ್ಟೆ ನೋವು. ಮೈಗಳ್ಳತನವೆಂದ ತಂದೆ. ನೀರಿನಲ್ಲಿ ಹುಡುಗ ನೀರನ್ನು ನೋಡುವುದು ಬಿಟ್ಟು ತಂದೆಯ ಮುಖವನ್ನೇ ನೋಡತೊಡಗಿದ. ಆ ಹುಬ್ಬು ಗಂಟಿಕ್ಕಿದರೆ ಇನ್ನಷ್ಟು ಆಳದ ಕಡೆಗೆ ಸರಿಯುತ್ತಿದ್ದ. ಹಗ್ಗ ಜಗ್ಗುವುದು ಕಡಿಮೆಯಾಯಿತು. ಒಂದು ದಿನ ನಿಂತೇ ಹೋಯಿತು.

ಅಂದು ವ್ಯಾಪಾರಿಗೆ ಹಿಗ್ಗು. ಕಟ್ಟೆಯ ಮೇಲೆ ಕುಳಿತು ಪಕ್ಕದವನಿಗೆ ಹೇಳುತ್ತಿದ್ದ: “ಇವತ್ತು ಒಮ್ಮೆಯೂ ಜಗ್ಗಿಲ್ಲ, ನೋಡಿದಿರಾ? ಹೆದರಿಕೆ ಬಿಟ್ಟುಹೋಯಿತು.”

ನೀರಿಗೆ ಬಂದಿದ್ದ ಹೆಂಗಸೊಬ್ಬಳು ಬಾವಿಯೊಳಗೆ ಇಣುಕಿದಳು.

“ಸಾಹುಕಾರ್ರೇ, ಹುಡುಗ ಎಲ್ಲಿ?”

ವ್ಯಾಪಾರಿ ತನ್ನ ಕೈ ನೋಡಿಕೊಂಡ. ಹಗ್ಗ ಸುತ್ತಿದ ಹಾಗೆಯೇ ಇತ್ತು. ಎಳೆದ. ಭಾರವಾಗಿತ್ತು.

ಬೋರಲು ಮಲಗಿಸಿ ನೀರು ಕಕ್ಕಿಸಿದರು. ಬಹಳ ಹೊತ್ತಿನ ಮೇಲೆ ಉಸಿರು ಮರಳಿತು. ತಂದೆ ಮಗನ ಭುಜ ಹಿಡಿದು ಕೇಳಿದ: “ಹಗ್ಗ ನನ್ನ ಕೈಯಲ್ಲೇ ಇತ್ತಲ್ಲೋ! ಯಾಕೆ ಜಗ್ಗಲಿಲ್ಲ?”

“ಜಗ್ಗಿದರೆ ಏನಾಗುತ್ತದೆ ಎಂದು ಗೊತ್ತಿತ್ತು, ಅಪ್ಪ” ಎಂದ ಹುಡುಗ. “ಮುಳುಗಿದರೆ ಏನಾಗುತ್ತದೆ ಎಂದು ಗೊತ್ತಿರಲಿಲ್ಲ.”

ಗುರುಗಳು ಕತೆಯನ್ನು ಅಲ್ಲಿಗೆ ನಿಲ್ಲಿಸಿದರು.

“ಅಂತೂ ಹುಡುಗ ಉಳಿದನಲ್ಲ” ಎಂದ ಶಂಭುಲಿಂಗ. “ಆ ವ್ಯಾಪಾರಿ ಮೂರ್ಖ. ನನ್ನ ಮನೆಯಲ್ಲಿ ಹಾಗೇನೂ ಇಲ್ಲ, ಗುರುಗಳೇ. ಎಲ್ಲ ಶಾಂತವಾಗಿದೆ.”

ಗುರುಗಳು ಕೇಳಿದರು: “ನಿನ್ನ ಮಗಳು ನಿನ್ನ ಮುಂದೆ ಕೊನೆಯ ಸಲ ಅತ್ತದ್ದು ಯಾವಾಗ?”